ಸ್ಟಾರ್ಟರ್ ಡಬ್ಬದ ಎರಡು ಮುಳ್ಳು

ಗುಂಡ್ಲುಪೇಟೆ ಕಡೆಯ ಕಾಡಂಚಿನ ಒಂದು ಜಮೀನು. ಬಾಳೆ, ಅರಿಸಿನ, ಒಂದಿಷ್ಟು ಸಣ್ಣ ಈರುಳ್ಳಿ. ಬೋರ್‌ವೆಲ್ಲಿನ ಪಕ್ಕದ ಕಲ್ಲುಕಂಬಕ್ಕೆ ಬಿಗಿದ ತಗಡಿನ ಸ್ಟಾರ್ಟರ್ ಡಬ್ಬ. ಮಾತಾಡುವವರು ಇಬ್ಬರು: ಜಮೀನಿನ ಯಜಮಾನಿ ಮತ್ತು ಆಕೆಯ ತಂಗಿಯ ಮಗ, ಬೇರೆ ತಾಲ್ಲೂಕಿನಲ್ಲಿ ಲೈನ್‌ಮ್ಯಾನ್. ಸುಟ್ಟುಹೋಗಿದ್ದ ಮೋಟರು ಹೊಸ ಕಾಯಿಲು ಸುತ್ತಿಸಿಕೊಂಡು ಅಂದೇ ಬೋರಿಗೆ ಇಳಿದಿದೆ.

ದೊಡ್ಡಮ್ಮ: ಹಳೇ ಕಾಯಿಲು ಇಲ್ಲೇ ಬಿದ್ದಿದೆ ನೋಡು. ತಂತಿ ಮೇಲಿನ ಪ್ಲಾಸ್ಟಿಕ್ಕು ಕರಗಿ ಎಲ್ಲ ಒಂದೇ ಗಡ್ಡೆಯಾಗಿದೆ. ಅಂಗಡಿಯವನು ‘ಲೋ ವೋಲ್ಟೇಜಮ್ಮಾ’ ಅಂತ ಹೇಳಿ ಬಿಲ್ ಕೈಗೆ ಕೊಟ್ಟ. ಜಾಸ್ತಿಯಾಗಿ ಸುಟ್ಟಿತು ಅಂದಿದ್ರೆ ಒಪ್ಕೋತಿದ್ದೆ. ಕಮ್ಮಿಯಾಗಿ ಸುಡೋದು ಯಾವ ನ್ಯಾಯ? ಹಿಂದೆ ವೋಲ್ಟೇಜು ಇಳಿದಾಗ ಮನೆ ಬಲ್ಬು ಮಂಕಾಗ್ತಿತ್ತು, ಸುಡ್ತಿರಲಿಲ್ಲ.

ಲೈನ್‌ಮ್ಯಾನ್: ಅಂಗಡಿಯವನು ಸುಳ್ಳು ಹೇಳಿಲ್ಲ ದೊಡ್ಡಮ್ಮ. ಅರ್ಧ ಹೇಳಿದಾನೆ. ಸುಡೋದು ವೋಲ್ಟೇಜಲ್ಲ, ಕರೆಂಟು.

ದೊಡ್ಡಮ್ಮ: ಎರಡೂ ಒಂದೇ ಅಲ್ವೇನೋ? ಇನ್ನು ನೀರಿನ ಟ್ಯಾಂಕಿನ ಕಥೆ ಶುರು ಮಾಡಬೇಡ. ಟ್ಯಾಂಕಿನ ಎತ್ತರ ವೋಲ್ಟೇಜು, ಪೈಪಲ್ಲಿ ಹರಿಯೋ ನೀರು ಕರೆಂಟು, ಪೈಪು ಸಣ್ಣದಾದ್ರೆ ತಡೆ. ಮೊಮ್ಮಗಳು ಪರೀಕ್ಷೆಗೆ ಉರು ಹೊಡೀವಾಗ ನನಗೂ ಬಾಯಿಪಾಠ ಆಗಿದೆ.

ಲೈನ್‌ಮ್ಯಾನ್: ಅದು ಒಂದು ಮಟ್ಟಕ್ಕೆ ಸರಿ. ಆದ್ರೆ ಪೈಪು ಒಡೆದ್ರೆ ನೀರು ಸುರಿದುಹೋಗುತ್ತೆ. ವೈರು ಕತ್ತರಿಸಿದ್ರೆ ಏನಾದ್ರೂ ಸುರಿಯುತ್ತಾ? ಹರಿಯೋದೇ ನಿಂತುಹೋಗುತ್ತೆ. ನೀರಿಗೆ ಹೋಗೋಕೆ ಒಂದು ದಾರಿ ಇದ್ರೆ ಸಾಕು, ಇದಕ್ಕೆ ಹೋಗಿ ವಾಪಸ್ ಬರೋ ದಾರಿ ಬೇಕು. ಟ್ಯಾಂಕನ್ನು ಬಿಡು. ನಿನ್ನ ಕಣ್ಣ ಮುಂದೇನೇ ಎರಡು ಮೀಟರ್ ಇವೆ, ದಿನಾ ನೋಡ್ತೀಯ. ಈಗ ಮೋಟರ್ ಆಫ್ ಇದೆ. ಮುಳ್ಳು ಎಲ್ಲಿವೆ?

ದೊಡ್ಡಮ್ಮ: ಎಡಗಡೇದು 400 ದಾಟಿ ನಿಂತಿದೆ. ಬಲಗಡೇದು ಸೊನ್ನೆ.

ಲೈನ್‌ಮ್ಯಾನ್: ಎಡಗಡೇದು ವೋಲ್ಟು, ಬಲಗಡೇದು ಆಂಪಿಯರು. ಒಂದೇ ಆಗಿದ್ರೆ ಒಂದು 400ರಲ್ಲಿ, ಇನ್ನೊಂದು ಸೊನ್ನೆಯಲ್ಲಿ ಹೇಗಿರುತ್ತೆ? ಈಗ ವೋಲ್ಟೇಜು ಪೂರ್ತಿ ಇದೆ, ಕರೆಂಟು ಒಂದು ಚೂರೂ ಇಲ್ಲ. ಹಸಿರು ಗುಂಡಿ ಒತ್ತು. ಒತ್ತೋವಾಗ ಎರಡನ್ನೂ ನೋಡ್ತಿರು.

ದೊಡ್ಡಮ್ಮ: ಬಲಗಡೇದು ಎಗರಿ ಕೊನೆಗೆ ಬಡೀತು... ಈಗ ಇಳಿದು 15ಕ್ಕೆ ಬಂತು. ಎಡಗಡೇದು ಒಂದು ಸಲ ಕುಗ್ಗಿ ಮೇಲೆದ್ದಿತು. ಮೊದಲಿದ್ದಷ್ಟಕ್ಕೆ ಬರಲಿಲ್ಲ.

ಲೈನ್‌ಮ್ಯಾನ್: ನನ್ನ ಐಟಿಐ ಮೇಷ್ಟ್ರು ಎರಡು ತಿಂಗಳು ಪಾಠ ಮಾಡಿದ್ದನ್ನು ಈ ಡಬ್ಬ ಮೂರು ಸೆಕೆಂಡಿನಲ್ಲಿ ಮಾಡಿತು. ಗುಂಡಿ ಆಫ್ ಮಾಡಿ ಮೇನ್ ತೆಗಿ, ಡಬ್ಬದ ಹಿಂದೆ ತೋರಿಸ್ತೀನಿ. ವೋಲ್ಟ್ ಮೀಟರಿಗೆ ಸಣ್ಣ ವೈರು ಎರಡು ಬಂದಿವೆ. ಒಂದು ಈ ಫೇಸಿಗೆ, ಇನ್ನೊಂದು ಆ ಫೇಸಿಗೆ. ಅದು ಎರಡು ತುದಿಗಳ ನಡುವೆ ಅಡ್ಡ ಕೂತು ವ್ಯತ್ಯಾಸ ಎಷ್ಟು ಅಂತ ಹೇಳುತ್ತೆ. ಆಂಪಿಯರ್ ಮೀಟರಿಗೆ ನೋಡು, ದಪ್ಪ ವೈರು. ಮೋಟರಿಗೆ ಹೋಗೋ ದಾರಿಯಲ್ಲೇ ಕೂತಿದೆ, ಹೋಗೋದೆಲ್ಲ ಅದರೊಳಗೇ ಹಾದು ಹೋಗಬೇಕು. ಒಂದು ಆಂಪಿಯರ್ ಅಂದ್ರೆ ಒಂದು ಸೆಕೆಂಡಿಗೆ 6ರ ಮುಂದೆ 18 ಸೊನ್ನೆ ಹಾಕಿದಷ್ಟು ಎಲೆಕ್ಟ್ರಾನು ದಾಟೋ ಲೆಕ್ಕ.

ದೊಡ್ಡಮ್ಮ: ಹಾಗಾದ್ರೆ ‘ಈ ತಂತಿಯಲ್ಲಿ 230 ವೋಲ್ಟು ಇದೆ’ ಅಂತೀರಲ್ಲ, ಅದು ತಪ್ಪು. ಯಾವುದಕ್ಕೂ ಯಾವುದಕ್ಕೂ ನಡುವೆ ಅಂತ ಹೇಳಬೇಕು.

ಲೈನ್‌ಮ್ಯಾನ್: ಹೇಳಬೇಕು. ಹೇಳಲ್ಲ ಅಷ್ಟೇ. ಮನೆ ಪ್ಲಗ್ಗಲ್ಲಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230. ಇಲ್ಲಿ ಫೇಸಿಗೂ ಫೇಸಿಗೂ ನಡುವೆ 415ರ ಆಸುಪಾಸು. ಆಂಪಿಯರನ್ನು ಒಂದು ಜಾಗದಲ್ಲಿ ಎಣಿಸಬಹುದು, ವೋಲ್ಟನ್ನು ಒಂದು ಜಾಗದಲ್ಲಿ ಅಳೆಯೋಕೇ ಆಗಲ್ಲ.

ದೊಡ್ಡಮ್ಮ: ಎಚ್‌ಟಿ ಲೈನ್ ಮೇಲೆ ಗೊರವಂಕ ಸಾಲಾಗಿ ಕೂತಿರೋದು ಅದಕ್ಕೇನಾ?

ಲೈನ್‌ಮ್ಯಾನ್: ಅದಕ್ಕೇ. 11,000 ವೋಲ್ಟಿನ ತಂತಿ. ಆದ್ರೆ ಎರಡೂ ಕಾಲು ಒಂದೇ ತಂತಿ ಮೇಲೆ ಇರುವಾಗ ಕಾಲಿಗೂ ಕಾಲಿಗೂ ನಡುವೆ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇಲ್ಲದಿದ್ರೆ ಹರಿಯೋದೂ ಇಲ್ಲ. ನಾವು ಕಂಬ ಹತ್ತೋ ಮುಂಚೆ ಮಾಡೋದೂ ಅದನ್ನೇ. ಸ್ಟೇಷನ್ನಿಂದ ಎಲ್‌ಸಿ, ಅಂದ್ರೆ ಲೈನ್ ಕ್ಲಿಯರ್, ತಗೊಂಡು ಲೈನ್ ಆಫ್ ಮಾಡಿಸಿದ ಮೇಲೂ ನಂಬಲ್ಲ. ಮೂರೂ ತಂತಿಯನ್ನು ಒಂದಕ್ಕೊಂದು ಕಟ್ಟಿ ಭೂಮಿಗೆ ಸೇರಿಸ್ತೀವಿ. ಯಾರಾದ್ರೂ ಮರೆತು ಚಾರ್ಜ್ ಮಾಡಿದ್ರೂ ತಂತಿಗೂ ತಂತಿಗೂ, ತಂತಿಗೂ ನೆಲಕ್ಕೂ ವ್ಯತ್ಯಾಸ ಉಳಿಯಬಾರದು, ಅಲ್ಲಿ ಸ್ಟೇಷನ್ನಲ್ಲಿ ಟ್ರಿಪ್ ಆಗಬೇಕು. ಇದನ್ನು ಮಾಡೋಕೆ ಸೋಮಾರಿತನ ಪಟ್ಟವರು ಉಳಿದಿಲ್ಲ.

ದೊಡ್ಡಮ್ಮ: ಬಿಡ್ತು ಅನ್ನು. ನನ್ನ ಮೋಟರಿಗೆ ಬಾ. ಎಡಗಡೆ ಮುಳ್ಳು ಯಾಕೆ ಕುಗ್ಗಿತು?

ಲೈನ್‌ಮ್ಯಾನ್: ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರು, ಇಲ್ಲಿಂದ ಎಷ್ಟು ದೂರ?

ದೊಡ್ಡಮ್ಮ: ಒಂದು ಕಿಲೋಮೀಟರ್ ಆಗುತ್ತೆ. ನಾವೇ ಕೊನೆಯವರು.

ಲೈನ್‌ಮ್ಯಾನ್: ಎಳೆದಿರೋದು ರ‍್ಯಾಬಿಟ್ ವೈರು. ಹೌದು, ಮೊಲಾನೇ. ಅಲ್ಯೂಮಿನಿಯಂ ತಂತಿಗೆ ದಪ್ಪದ ಪ್ರಕಾರ ಪ್ರಾಣಿಗಳ ಹೆಸರು, ಇದಕ್ಕಿಂತ ಸಣ್ಣದು ವೀಸಲ್ ಅಂದ್ರೆ ಮುಂಗುಸಿ ತರದ್ದು, ದೊಡ್ಡ ಟವರ್ ಲೈನಲ್ಲಿ ಪ್ಯಾಂಥರ್, ಜೀಬ್ರಾ. ಈ ಮೊಲಕ್ಕೆ ಒಂದು ಕಿಲೋಮೀಟರಿಗೆ ಅರ್ಧ ಓಮ್‌ನಷ್ಟು ತಡೆ. ಎಷ್ಟು ಆಂಪಿಯರ್ ಹೋಗುತ್ತೋ ಅದನ್ನು ತಡೆಯಿಂದ ಗುಣಿಸಿದ್ರೆ ಅಷ್ಟು ವೋಲ್ಟು ದಾರಿಯಲ್ಲೇ ಖರ್ಚು. 1827ರಲ್ಲಿ ಜರ್ಮನಿಯಲ್ಲಿ ಓಮ್ ಅನ್ನೋ ಮೇಷ್ಟ್ರು ಪ್ರಕಟಿಸಿದ ಲೆಕ್ಕ ಅದು. ನಿನ್ನದು ಒಂದೇ ಮೋಟರ್ ಓಡಿದ್ರೆ 15 ಆಂಪಿಯರು, ಒಂದೊಂದು ತಂತಿಯಲ್ಲಿ ಏಳೂವರೆ ವೋಲ್ಟು ಹೋಯ್ತು. ಲೆಕ್ಕಕ್ಕೆ ಬರಲ್ಲ. ಆದ್ರೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡ್ತಾರೆ, ಬಂದ ತಕ್ಷಣ ಏನಾಗುತ್ತೆ?

ದೊಡ್ಡಮ್ಮ: ಎಲ್ಲರ ಮನೆ ಆಟೋ ಸ್ಟಾರ್ಟರೂ ಒಟ್ಟಿಗೆ ಹೊಡ್ಕೊಳ್ತವೆ. ಯಾರಿಗೆ ತಾಳ್ಮೆ ಇದೆ?

ಲೈನ್‌ಮ್ಯಾನ್: ಇದೇ ಲೈನಲ್ಲಿ ನಿನ್ನಂಥ ನಾಲ್ಕು ಮೋಟರು ಕೊನೆಯಲ್ಲಿವೆ ಅಂದ್ಕೋ. 60 ಆಂಪಿಯರು. ಒಂದೊಂದು ತಂತಿಯಲ್ಲಿ 30 ವೋಲ್ಟು ಖರ್ಚು. ಫೇಸಿಂದ ಫೇಸಿಗೆ ನೋಡಿದ್ರೆ 50 ವೋಲ್ಟು ಇಳಿದು ಮುಳ್ಳು 360ರ ಹತ್ತಿರ ನಿಲ್ಲುತ್ತೆ. ಟಿಸಿಗೇ ಮೇಲಿಂದ ಕಮ್ಮಿ ಬಂದಿದ್ರೆ ಇನ್ನೂ ಕೆಳಗೆ.

ದೊಡ್ಡಮ್ಮ: ಹೋದ ಬೇಸಿಗೆಯಲ್ಲಿ 320 ನೋಡಿದೀನಿ. ಆಗಲೇ ಇದು ಸುಟ್ಟಿದ್ದು. ಸರಿ, 320 ಆಯ್ತು. ನಿನ್ನ ಓಮ್ ಮೇಷ್ಟ್ರ ಲೆಕ್ಕದಲ್ಲೇ ವೋಲ್ಟು ಕಮ್ಮಿಯಾದ್ರೆ ಆಂಪಿಯರೂ ಕಮ್ಮಿಯಾಗಬೇಕಲ್ಲ?

ಲೈನ್‌ಮ್ಯಾನ್: ಬಲ್ಬಿಗೆ ಹಾಗೇ ಆಗುತ್ತೆ. ಹಳೇ ತಂತಿ ಬಲ್ಬು ಕೊಟ್ಟಿದ್ದನ್ನು ತಗೊಂಡು ಸುಮ್ನಿರುತ್ತೆ. ಮೋಟರ್ ಸುಮ್ನಿರಲ್ಲ. ಅದರ ತಲೆ ಮೇಲೆ 600 ಅಡಿ ಪೈಪಿನ ನೀರು ನಿಂತಿದೆ. ವೋಲ್ಟೇಜು ಇಳೀತು ಅಂತ ನೀರಿನ ಭಾರ ಇಳಿಯುತ್ತಾ?

ದೊಡ್ಡಮ್ಮ: ಇಲ್ಲ. ಅದನ್ನು ಎತ್ತಲೇಬೇಕು.

ಲೈನ್‌ಮ್ಯಾನ್: ಎತ್ತೋ ಶಕ್ತಿ ಅಂದ್ರೆ ವೋಲ್ಟು ಗುಣಿಸು ಆಂಪಿಯರು. ಒಂದು ಇಳಿದ್ರೆ ಇನ್ನೊಂದು ಏರಬೇಕು. 415ಕ್ಕೆ 15 ತಗೊಳ್ತಿದ್ದದ್ದು 320ಕ್ಕೆ 19, 20 ತಗೊಳ್ಳುತ್ತೆ.

ದೊಡ್ಡಮ್ಮ: ಲೆಕ್ಕ ಸರಿಯಪ್ಪ. ಆದ್ರೆ ಕಬ್ಬಿಣದ ಮೋಟರಿಗೆ ಲೆಕ್ಕ ಹೇಗೆ ಗೊತ್ತಾಗುತ್ತೆ? ಜಾಸ್ತಿ ತಗೋಬೇಕು ಅಂತ ಅದಕ್ಕೆ ಯಾರು ಹೇಳ್ತಾರೆ?

ಲೈನ್‌ಮ್ಯಾನ್: ಇದನ್ನು ನಮ್ಮ ಸೆಕ್ಷನ್ ಆಫೀಸಲ್ಲಿ ಯಾರೂ ಕೇಳಲ್ಲ. ನೋಡು, ತಿರುಗೋ ಮೋಟರು ತನ್ನೊಳಗೇ ಒಂದು ಎದುರು ವೋಲ್ಟೇಜು ಹುಟ್ಟಿಸ್ತಿರುತ್ತೆ. ಲೈನಿಂದ ಬರೋದನ್ನು ಅದು ಬಹುಪಾಲು ತಳ್ಳಿಹಿಡಿಯುತ್ತೆ. ಉಳಿದ ಅಷ್ಟಿಷ್ಟು ವ್ಯತ್ಯಾಸವೇ ಕಾಯಿಲಲ್ಲಿ ಕರೆಂಟು ಹರಿಸೋದು. ಗುಂಡಿ ಒತ್ತಿದ ಕ್ಷಣ ಬಲಗಡೆ ಮುಳ್ಳು ಯಾಕೆ ಕೊನೆಗೆ ಬಡೀತು? ಮೋಟರ್ ಇನ್ನೂ ನಿಂತಿತ್ತು. ನಿಂತ ಮೋಟರಲ್ಲಿ ತಳ್ಳಿಹಿಡಿಯೋದಿಲ್ಲ. ಆರು ಪಟ್ಟು ಕರೆಂಟು ನುಗ್ಗಿತು. ವೇಗ ಹಿಡಿದ ಮೇಲೆ 15ಕ್ಕೆ ಬಂತು.

ದೊಡ್ಡಮ್ಮ: ಹಾಗಾದ್ರೆ ನಿಧಾನಕ್ಕೆ ತಿರುಗಿದಷ್ಟೂ ಜಾಸ್ತಿ ಕರೆಂಟು.

ಲೈನ್‌ಮ್ಯಾನ್: ಅದೇ. ವೋಲ್ಟೇಜು ಇಳಿದಾಗ ಒಳಗಿನ ಕಾಂತದ ಹಿಡಿತ ಸಡಿಲವಾಗುತ್ತೆ, ಅದೂ ವರ್ಗದ ಲೆಕ್ಕದಲ್ಲಿ. 415 ಹೋಗಿ 320 ಆದ್ರೆ ತಿರುಗಿಸೋ ತಾಕತ್ತು 100ಕ್ಕೆ 60 ಉಳಿಯುತ್ತೆ ಅಷ್ಟೆ. ನೀರಿನ ಭಾರಕ್ಕೆ ತಿರುಗೋ ಭಾಗ ಚೂರು ಹಿಂದೆ ಬೀಳುತ್ತೆ. ಹಿಂದೆ ಬಿದ್ದದ್ದೇ ಸಂದೇಶ. ಕರೆಂಟು ಏರುತ್ತೆ. ತೀರಾ ಕಮ್ಮಿಯಾದ್ರೆ ತಿರುಗೋದೇ ಇಲ್ಲ, ಗುಂಯ್ ಅಂತ ಗುನುಗುತ್ತೆ. ಹಲವು ಪಟ್ಟು ಕರೆಂಟು ಇಳಿಯದೆ ಹರೀತಾನೇ ಇರುತ್ತೆ. ಮೇಲೆ ಇಟ್ಟ ಮೋಟರಾದ್ರೆ ಗುನುಗು ಕೇಳಿ ಓಡಿಹೋಗಿ ಆಫ್ ಮಾಡ್ತೀಯ. 600 ಅಡಿ ಕೆಳಗಿರೋದು ಗುನುಗಿದ್ರೆ ಯಾರಿಗೆ ಕೇಳಿಸುತ್ತೆ?

ದೊಡ್ಡಮ್ಮ: ಮುಳ್ಳಿಗೆ ಮಾತ್ರ.

ಲೈನ್‌ಮ್ಯಾನ್: ಇನ್ನು ಬಿಸಿ. ತಂತಿಯಲ್ಲಿ ಹುಟ್ಟೋ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕ ಹಾಗೆ. 15 ಇದ್ದದ್ದು 20 ಆದ್ರೆ ಕರೆಂಟು ಮೂರರಲ್ಲಿ ಒಂದು ಪಾಲು ಏರಿತು, ಬಿಸಿ ಒಂದೂಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯ್ತು. ಗಂಟೆಗಟ್ಟಲೆ ಹಾಗೇ ಓಡಿದ್ರೆ ಈ ಗಡ್ಡೆ. ಇದರಲ್ಲಿ ಇನ್ನೊಂದು ಕೇಡಿದೆ. ನಿನ್ನ ಮೋಟರು 20 ಎಳೆಯೋಕೆ ಶುರು ಮಾಡಿದ್ರೆ ಆ 20 ಬರೋದು ಇದೇ ತಂತಿಯಲ್ಲಿ ತಾನೆ? ತಂತಿಯಲ್ಲಿ ಖರ್ಚು ಇನ್ನೂ ಏರುತ್ತೆ, ವೋಲ್ಟೇಜು ಇನ್ನೂ ಇಳಿಯುತ್ತೆ. ಪಕ್ಕದ ಜಮೀನಿನ ಮೋಟರೂ ಜಾಸ್ತಿ ಎಳೆಯುತ್ತೆ. ಒಬ್ಬರಿಗೊಬ್ಬರು ಬಾವಿಗೆ ತಳ್ಳಿಕೊಂಡ ಹಾಗೆ ಎಲ್ಲರೂ ಒಟ್ಟಿಗೆ ಕೆಳಗೆ.

ಇಲ್ಲಿ ಬರೆಯುವವನದ್ದೂ ಒಂದು ಮಾತು. ಹಳೆಯ ತಂತಿಯ ಬಲ್ಬು ಹಳ್ಳಿಯ ಬಿಟ್ಟಿ ವೋಲ್ಟ್ ಮೀಟರಾಗಿತ್ತು. ಜಗುಲಿಯ ದೀಪ ಕೆಂಪಗಾದರೆ ತೋಟಕ್ಕೆ ಹೋಗಿ ಮೋಟರ್ ಆಫ್ ಮಾಡಬೇಕೆಂದು ಮನೆಯ ಮಕ್ಕಳಿಗೂ ಗೊತ್ತಿತ್ತು. ಒಳ್ಳೆಯ ಎಲ್‌ಇಡಿ ಬಲ್ಬಿನೊಳಗೆ ಕರೆಂಟನ್ನು ಒಂದೇ ಸಮ ಇಡುವ ಚಿಕ್ಕ ಸರ್ಕ್ಯೂಟು ಕೂತಿರುತ್ತದೆ. ವೋಲ್ಟೇಜು ಸಾಕಷ್ಟು ಇಳಿದರೂ ಬೆಳಕು ಅಷ್ಟೇ. ಮೋಟರಿನ ಹಾಗೆ ಅದೂ ಲೈನಿನಿಂದ ತುಸು ಹೆಚ್ಚು ಆಂಪಿಯರು ಎಳೆದುಕೊಂಡು ಸರಿದೂಗಿಸುತ್ತದೆ, ಚಿಕ್ಕ ಬಲ್ಬಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ದೀಪ ಉತ್ತಮವಾಯಿತು, ಮುನ್ಸೂಚನೆ ಹೋಯಿತು. ಇದನ್ನು ಯಾರೂ ನಷ್ಟದ ಪಟ್ಟಿಗೆ ಸೇರಿಸಿಲ್ಲ.

ದೊಡ್ಡಮ್ಮ: ಜಾಸ್ತಿ ಕರೆಂಟು ಹೋದ್ರೆ ನಿಲ್ಲಿಸೋಕೆ ಅಂತಲೇ ಸ್ಟಾರ್ಟರಲ್ಲಿ ರಿಲೇ ಇದೆ ಅಂತಾರೆ. ಅದೇನು ಮಲಗಿತ್ತಾ?

ಲೈನ್‌ಮ್ಯಾನ್: ಬಾ, ನೋಡೋಣ. ಈ ಚಿಕ್ಕ ತಿರುಪು ಕಾಣುತ್ತಾ? ಸುತ್ತ ಅಂಕಿ ಇದೆ. ಗೀಟು ಎಲ್ಲಿದೆ?

ದೊಡ್ಡಮ್ಮ: 22. ...ಆ ಮೆಕ್ಯಾನಿಕ್ಕು! ಬೇಸಿಗೆಯಲ್ಲಿ ಪದೇ ಪದೇ ಟ್ರಿಪ್ ಆಗ್ತಿತ್ತು. ಬಾಳೆ ಒಣಗ್ತಿದೆ ಏನಾದ್ರೂ ಮಾಡಪ್ಪ ಅಂದೆ. ಸ್ಕ್ರೂಡ್ರೈವರ್ ಹಾಕಿ ಏನೋ ತಿರುವಿದ. ಆಮೇಲೆ ಟ್ರಿಪ್ ಆಗಲೇ ಇಲ್ಲ. ಕೈಗುಣ ಚೆನ್ನಾಗಿದೆ ಅಂತ ಎಳನೀರು ಬೇರೆ ಕೊಟ್ಟೆ.

ಲೈನ್‌ಮ್ಯಾನ್: ರಿಲೇ ನೋಡೋದು ಆಂಪಿಯರನ್ನು ಮಾತ್ರ. ಅದರೊಳಗೆ ಎರಡು ಲೋಹ ಬೆಸೆದ ಪಟ್ಟಿ ಇದೆ, ಕರೆಂಟು ಜಾಸ್ತಿಯಾಗಿ ಬಿಸಿಯಾದ್ರೆ ಬಾಗಿ ಸ್ಟಾರ್ಟರನ್ನು ಬಿಡಿಸುತ್ತೆ. ಮೋಟರಿನ ಪ್ಲೇಟ್ ಮೇಲೆ 15 ಅಂತ ಬರೆದಿದ್ರೆ ಅಲ್ಲೇ ಇಡಬೇಕು. 22ಕ್ಕೆ ಇಟ್ಟರೆ, 20ರಲ್ಲಿ ಕಾಯಿಲು ಕರಗ್ತಿದ್ರೂ ಅದರ ಪಾಲಿಗೆ ಎಲ್ಲ ಸರಿಯಾಗೇ ಇದೆ. ಈಗ 15ಕ್ಕೆ ತಂದಿದೀನಿ.

ದೊಡ್ಡಮ್ಮ: ಮತ್ತೆ ಟ್ರಿಪ್ ಆಗುತ್ತೆ.

ಲೈನ್‌ಮ್ಯಾನ್: ಆಗಲಿ. ಎಡಗಡೆ ಮುಳ್ಳು 360 ದಾಟೋ ತನಕ ಹಾಕಬೇಡ. ಅಕ್ಕಪಕ್ಕದವರು ಮಾತಾಡಿಕೊಂಡು ಸರದಿ ಮಾಡಿಕೊಳ್ಳಿ. ಟಿಸಿ ಹತ್ತಿರಕ್ಕೆ ತರಿಸೋಕೆ ಅರ್ಜಿ ಹಾಕಿ, ಅದಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಮಾತ್ರ ನನ್ನ ಕೇಳಬೇಡ.

ದೊಡ್ಡಮ್ಮ: ಟಿಸಿ ಹತ್ತಿರ ಬಂದ್ರೆ ಏನು ಲಾಭ? ಅಲ್ಲಿವರೆಗೂ ತಂತಿ ಎಳೆಯಲೇಬೇಕಲ್ಲ, ತಡೆ ಅಲ್ಲೂ ಇರುತ್ತೆ.

ಲೈನ್‌ಮ್ಯಾನ್: ಇರುತ್ತೆ. ಆದ್ರೆ ಅಲ್ಲಿವರೆಗೆ ಹೋಗೋ ಆಂಪಿಯರು ಬೇರೆ. 63 ಕೆವಿಎ ಟಿಸಿ ಪೂರ್ತಿ ಲೋಡಲ್ಲಿದ್ದಾಗ ಕೆಳಗಡೆ ನಮ್ಮ ತಂತಿಗಳಲ್ಲಿ 84 ಆಂಪಿಯರು. ಮೇಲ್ಗಡೆ 11,000 ವೋಲ್ಟಿನ ತಂತಿಯಲ್ಲಿ ಅದೇ ಶಕ್ತಿಗೆ 3 ಆಂಪಿಯರು ಚಿಲ್ಲರೆ. ಬಿಸಿಗೆ ವರ್ಗದ ಲೆಕ್ಕ ಹಾಕಿದ್ರೆ ಅಂಥದೇ ತಂತಿಯಲ್ಲಿ ನಷ್ಟ 600ರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ದೂರ ಹೋಗಬೇಕಾದ್ರೆ ವೋಲ್ಟು ಏರಿಸಿ ಆಂಪಿಯರು ಇಳಿಸಿಕೊಂಡೇ ಹೋಗಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಎಳೆದರಲ್ಲ, ಆಗಲೂ ಇದೇ ಉಪಾಯ. ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ರು, ಗಣಿ ಹತ್ತಿರ ಇಳಿಸಿಕೊಂಡ್ರು. 230ರಲ್ಲಿ ಕಳಿಸಿದ್ರೆ ಬೆಟ್ಟದಷ್ಟು ತಾಮ್ರ ಸುರಿದ್ರೂ ಕೋಲಾರಕ್ಕೆ ಏನೂ ತಲುಪ್ತಿರಲಿಲ್ಲ.

ದೊಡ್ಡಮ್ಮ: ಪಕ್ಕದ ಹಳ್ಳಿಗಳನ್ನು ಬಿಟ್ಟು ಗಣಿಗೆ.

ಲೈನ್‌ಮ್ಯಾನ್: ಬೆಂಗಳೂರಿನ ಬೀದಿ ದೀಪಕ್ಕೂ ಮೂರು ವರ್ಷ ಕಾಯಬೇಕಾಯ್ತು, 1905ರವರೆಗೆ.

ದೊಡ್ಡಮ್ಮ: ಅಷ್ಟು ದೂರದಿಂದ ಆ ಎಲೆಕ್ಟ್ರಾನು ಬರೋಕೆ ಎಷ್ಟು ಹೊತ್ತು ಬೇಕು?

ಲೈನ್‌ಮ್ಯಾನ್: ಬರೋದೇ ಇಲ್ಲ. ನಮ್ಮ ಸಪ್ಲೈ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗೋ ಎಸಿ. ತಂತಿಯೊಳಗಿನ ಎಲೆಕ್ಟ್ರಾನು ಇದ್ದಲ್ಲೇ ಕೂದಲೆಳೆಗಿಂತ ಕಮ್ಮಿ ಅಲ್ಲಾಡ್ತಿರುತ್ತೆ ಅಷ್ಟೆ. ಬ್ಯಾಟರಿಯ ಡಿಸಿಯಲ್ಲೂ ಅದು ಬಸವನಹುಳುವಿಗೆ ಸೋಲುತ್ತೆ. ಓಡಿಬರೋದು ತಳ್ಳು, ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ. ಗುಂಡಿ ಒತ್ತಿದಾಗ ಮೋಟರಲ್ಲಿ ಮೊದಲು ಅಲ್ಲಾಡೋದು ಮೋಟರೊಳಗೇ ಇದ್ದ ಎಲೆಕ್ಟ್ರಾನು.

ದೊಡ್ಡಮ್ಮ: ಇದನ್ನು ನಾನು ನಂಬಬೇಕು. ಸರಿ. ಇನ್ನೊಂದು ಕೇಳ್ತೀನಿ. ಆನೆ ಬರದ ಹಾಗೆ ಹಾಕಿಸಿದ ಆ ಸೋಲಾರ್ ಬೇಲಿಗೆ ಏಳೆಂಟು ಸಾವಿರ ವೋಲ್ಟು ಅಂತ ಕಂಪನಿಯವನು ಹೇಳಿದ. ಕೈ ತಾಗಿ ಒಂದು ಸಲ ಎಗರಿ ಬಿದ್ದೆ, ಸಾಯಲಿಲ್ಲ. ಮನೆ 230ಕ್ಕೆ ಜನ ಸಾಯ್ತಾರೆ. ಕೊಲ್ಲೋದು ಯಾವುದು?

ಲೈನ್‌ಮ್ಯಾನ್: ಎದೆಯ ಮೂಲಕ ಎಷ್ಟು ಕರೆಂಟು, ಎಷ್ಟು ಹೊತ್ತು ಹೋಯ್ತು ಅನ್ನೋದು. ಒದ್ದೆ ಮೈ ಸುಮಾರು 1,000 ಓಮ್ ಅಂದ್ಕೋ. 230 ವೋಲ್ಟಿಗೆ ಕಾಲು ಆಂಪಿಯರಿನ ಹತ್ತಿರ. ಅದರ ಅರ್ಧ ಸಾಕು ಗುಂಡಿಗೆ ಲಯ ತಪ್ಪೋಕೆ. ಕರೆಂಟು ಸೋರಿದ್ರೆ ಬೀಳಲಿ ಅಂತ ಮನೆಗೆ ಹಾಕೋ ಆರ್‌ಸಿಸಿಬಿ 30 ಮಿಲಿ ಆಂಪಿಯರಿಗೇ ಬಿದ್ದುಹೋಗೋದು ಅದಕ್ಕೆ. ಬೇಲಿ ಯಂತ್ರ ಹಾಗಲ್ಲ. ಅದರ ಡಬ್ಬದಲ್ಲಿ ಒಂದು ಚಿಕ್ಕ ಕೆಪಾಸಿಟರು ತುಂಬಿಕೊಂಡಿರುತ್ತೆ, ಸೆಕೆಂಡಿಗೊಂದು ಸಲ ಹೆಚ್ಚುಕಮ್ಮಿ ಟಕ್ ಅಂತ ಖಾಲಿಯಾಗುತ್ತೆ. ಆ ಟಕ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಮ್ಮಿ ಹೊತ್ತು. ವೋಲ್ಟು ಸಾವಿರಗಟ್ಟಲೆ, ಆದ್ರೆ ಹಿಂದೆ ಸರಕು ಇಲ್ಲ. ಮಧ್ಯೆ ಬಿಡುವು ಸಿಗೋದ್ರಿಂದ ಆನೆಯೂ ಕಾಲು ಹಿಂದಕ್ಕೆ ತೆಗೆಯುತ್ತೆ, ನೀನೂ ತೆಗೆದೆ. ಮನೆ ಕರೆಂಟು ಬಿಡುವೇ ಕೊಡಲ್ಲ, ಕೈ ಮುಷ್ಟಿ ಕಟ್ಟಿ ಹಿಡಿದುಕೊಂಡುಬಿಡುತ್ತೆ. ಅದರ ಹಿಂದೆ ಟಿಸಿ ಇದೆ, ಸ್ಟೇಷನ್ ಇದೆ, ಇಡೀ ಗ್ರಿಡ್ ಇದೆ.

ದೊಡ್ಡಮ್ಮ: ಹಂದಿ ಕಾಟ ಅಂತ ರಾತ್ರಿ ಸ್ಟಾರ್ಟರಿಂದ ನೇರ ಬೇಲಿಗೆ ಕೊಡೋರು ಇದಾರಲ್ಲ...

ಲೈನ್‌ಮ್ಯಾನ್: ಅದು ಬೇಲಿಯಲ್ಲ, ಕೊಲೆ. ಆನೆ ಸತ್ತಿವೆ, ಕೊಟ್ಟವರ ಮನೆಯವರೇ ಬೆಳಿಗ್ಗೆ ನೀರು ತಿರುಗಿಸೋಕೆ ಹೋಗಿ ಸತ್ತಿದಾರೆ. ‘ಕೊಲ್ಲೋದು ಕರೆಂಟು, ವೋಲ್ಟೇಜಿಗೆ ಹೆದರಬೇಡ’ ಅಂತ ಬುದ್ಧಿವಂತರು ಹೇಳ್ತಾರಲ್ಲ, ಅದನ್ನೂ ನಂಬಬೇಡ. ಕರೆಂಟನ್ನು ಮೈಯೊಳಗೆ ನೂಕೋದು ವೋಲ್ಟೇಜೇ. ನಿನ್ನ ಟ್ರ್ಯಾಕ್ಟರ್ ಬ್ಯಾಟರಿ ನೋಡು. ಎಂಜಿನ್ ತಿರುಗಿಸುವಾಗ ಅದು ನೂರಾರು ಆಂಪಿಯರು ಕೊಡುತ್ತೆ. ಆದ್ರೂ ಎರಡು ಟರ್ಮಿನಲ್ಲನ್ನೂ ಒಣ ಕೈಯಲ್ಲಿ ಹಿಡಿದ್ರೆ ಏನೂ ಆಗಲ್ಲ. 12 ವೋಲ್ಟಿಗೆ ನಿನ್ನ ಚರ್ಮ ದಾಟೋ ಬಲ ಇಲ್ಲ.

ದೊಡ್ಡಮ್ಮ: ಕೈಗೇನೂ ಆಗಲ್ಲ, ನಿಜ. ಆದ್ರೆ ನಮ್ಮ ಡ್ರೈವರ್ ಅದರ ಮೇಲೆ ಒಂದು ಸಲ ಸ್ಪ್ಯಾನರ್ ಬೀಳಿಸಿದ. ಫಟಾರ್ ಅಂತ ಕಿಡಿ ಹಾರಿ ಸ್ಪ್ಯಾನರ್ ತುದಿ ಕಚ್ಚಿದ ಹಾಗೆ ಕರಗಿತ್ತು. ಸ್ಪ್ಯಾನರಿಗೆ ತಡೆ ಇಲ್ಲ, ಅದಕ್ಕೆ ತಾನೆ? ವೋಲ್ಟು ಅದೇ 12, ಆಂಪಿಯರು ಮಾತ್ರ ಎಷ್ಟಾಯ್ತೋ.

ಲೈನ್‌ಮ್ಯಾನ್: ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್ ಬಿಚ್ಚಬೇಕು ಅಂತ ಅವನಿಗೆ ಯಾರೂ ಹೇಳಿಲ್ವಾ?

ದೊಡ್ಡಮ್ಮ: ಹೇಳಿದ್ರು, ಯಾಕೆ ಅಂತ ಹೇಳಲಿಲ್ಲ. ತಡಿ, ನಾನೇ ಹೇಳ್ತೀನಿ. ನೆಗೆಟಿವ್ ವೈರು ಹೋಗಿ ಸೇರಿರೋದು ಟ್ರ್ಯಾಕ್ಟರ್ ಬಾಡಿಗೆ. ಅಂದ್ರೆ ಇಡೀ ಗಾಡಿಯೇ ಒಂದು ತುದಿ. ಮೊದಲು ಪಾಸಿಟಿವ್ ಬಿಚ್ಚೋಕೆ ಸ್ಪ್ಯಾನರ್ ಹಾಕಿದ್ರೆ, ಅದರ ಬಾಲ ಬಾನೆಟ್ಟಿಗೆ ತಾಗಿದ್ರೂ ಎರಡು ತುದಿ ಕೂಡಿತು. ಅದೇ ಮೊದಲು ನೆಗೆಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಎರಡೂ ಕಡೆ ನೆಗೆಟಿವ್ವೇ, ವ್ಯತ್ಯಾಸ ಸೊನ್ನೆ. ಅದನ್ನು ಬಿಚ್ಚಿ ಪಕ್ಕಕ್ಕೆ ಸರಿಸಿದ ಮೇಲೆ ಪಾಸಿಟಿವ್‌ಗೆ ಹಾಕಿದ ಸ್ಪ್ಯಾನರ್ ಬಾಡಿಗೆ ಬಡಿದ್ರೂ ವಾಪಸ್ ಹೋಗೋಕೆ ದಾರಿ ಇಲ್ಲ. ಕೂಡಿಸುವಾಗ ನೆಗೆಟಿವ್ವನ್ನು ಕೊನೆಗೆ ಹಾಕಬೇಕು. ಅಲ್ವಾ?

ಲೈನ್‌ಮ್ಯಾನ್: ಅಲ್ವಾ ಅಂತ ಯಾಕೆ ಕೇಳ್ತೀಯ? ಹೌದು.